ಉದ್ಯಮಬಾಗದ ಹೋಸ್ ಬೇರೆ, ಬೈಕ್ ಬ್ರೇಕಿನ ಹೋಸ್ ಬೇರೆ

"ಆನ್‌ಲೈನ್ ಯಾಕ ತರಸ್ತಿ? ನಮ್ಮ ಶಾಪ್‌ನಾಗ ಕ್ರಿಂಪಿಂಗ್ ಮಷೀನ್ ಐತಿ, ಹೋಸ್ ಐತಿ. ಅರ್ಧಾ ತಾಸಿನ ಕೆಲಸ, ಮಾಡಿ ಕೊಡ್ತೀನಿ ತಗೋ."

ನನ್ನ ಜೊತೆ ಕೆಲಸ ಮಾಡುವ ಗೆಳೆಯ ಹೀಗೆ ಹೇಳಿದಾಗ ನಾನು ಊಟದ ಬಿಡುವಿನಲ್ಲಿ ಕೂತು ಮೊಬೈಲಿನಲ್ಲಿ ಬೈಕಿನ ಮುಂದಿನ ಬ್ರೇಕಿಗೆ ಸ್ಟೀಲ್ ಬ್ರೇಡೆಡ್ ಲೈನ್, ಅಂದರೆ ಸ್ಟೀಲ್ ಜಾಲರಿ ಹೊದಿಸಿದ ಬ್ರೇಕ್ ಹೋಸ್, ಹುಡುಕುತ್ತಿದ್ದೆ. ಬೆಳಗಾವಿಯಲ್ಲಿ ಇಂಥ ಮಾತು ಬರುವುದು ಸಹಜ. ಉದ್ಯಮಬಾಗದ ಯಾವ ರಸ್ತೆಗೆ ಹೋದರೂ ಒಂದು ಫೌಂಡ್ರಿ, ಒಂದು ಮಷೀನ್ ಶಾಪ್, ಪಂಪ್, ವಾಲ್ವ್, ಪವರ್ ಪ್ಯಾಕ್ ಮಾಡುವವರು ಸಿಗುತ್ತಾರೆ. ಹೈಡ್ರಾಲಿಕ್ಸ್ ನಮ್ಮ ಊರಿನ ಅನ್ನ. ನನ್ನದೂ ಅದೇ ಅನ್ನ, ಪ್ರೆಸ್ಸುಗಳಿಗೆ ಪೈಪಿಂಗ್ ಮಾಡುವ ಕೆಲಸ. ಹಾಗಾಗಿ ಒಂದು ಬೈಕ್ ಹೋಸ್ ಮಾಡೋದು ನಮಗೇನು ದೊಡ್ಡದು ಅಂತ ಯಾರಿಗಾದರೂ ಅನಿಸುತ್ತದೆ.

ಆದರೆ ನಾನು ಬೇಡ ಅಂದೆ. ಯಾಕೆ ಬೇಡ ಅಂತ ವಿವರವಾಗಿ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ, ಯಾಕಂದರೆ ಹೀಗೆ ಮಷೀನ್ ಹೋಸ್ ಹಾಕಿಸಿಕೊಂಡ ಎರಡು ಗಾಡಿಗಳನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಒತ್ತಡದ ಮಾತಾದರೆ ಗೆಳೆಯನ ಲೆಕ್ಕ ಸರಿ. ಎರಡು ವೈರ್ ಬ್ರೇಡ್ ಇರುವ ಕಾಲು ಇಂಚಿನ ಹೋಸ್, ನಾವು ಆರ್2 ಅಂತೀವಲ್ಲ ಅದು, 400 ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ಕೆಲಸಕ್ಕೆ ಅಂತಲೇ ಬರುತ್ತದೆ. ಬೈಕಿನ ಬ್ರೇಕಿನಲ್ಲಿ ಅಷ್ಟು ಬರುವುದೇ ಇಲ್ಲ. ಹೀಗೆ ಲೆಕ್ಕ ಹಿಡಿಯಿರಿ. ನಿಮ್ಮ ಬೆರಳು ಲಿವರನ್ನು 10 ಕೆಜಿ ಬಲದಲ್ಲಿ ಎಳೆಯುತ್ತವೆ, ಲಿವರ್ ಅದನ್ನು 6 ಪಟ್ಟು ಮಾಡುತ್ತದೆ, ಅಂದರೆ ಲಿವರಿನ ಪಕ್ಕದಲ್ಲೇ ಇದ್ದು ಫ್ಲೂಯಿಡ್ ತಳ್ಳುವ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಮೇಲೆ 60 ಕೆಜಿ. ಪಿಸ್ಟನ್ 14 ಮಿಮೀ ಇದ್ದರೆ ಅದರ ಮುಖ 1.54 ಚದರ ಸೆಂಟಿಮೀಟರ್. ಭಾಗಿಸಿದರೆ ಸುಮಾರು 38 ಬಾರ್. ಗಾಬರಿಯಲ್ಲಿ ಎರಡು ಪಟ್ಟು ಜೋರಾಗಿ ಹಿಡಿದರೂ 80 ಬಾರ್ ಒಳಗೇ ಇರುತ್ತದೆ. ನಮ್ಮ ಶಾಪಿನ ಹೋಸಿಗೆ ಇದು ಏನೂ ಅಲ್ಲ.

ತೊಂದರೆ ಇರುವುದು ಒಳಗೆ ಹರಿಯುವ ದ್ರವದಲ್ಲಿ. ಮಷೀನುಗಳಲ್ಲಿ ನಾವು ಹಾಕುವುದು ಮಿನರಲ್ ಆಯಿಲ್. ಅದಕ್ಕೆ ಹೊಂದುವ ರಬ್ಬರ್ ನೈಟ್ರೈಲ್, ಹೋಸಿನ ಒಳಪದರವೂ ಅದೇ, ನಮ್ಮ ಓ-ರಿಂಗುಗಳೂ ಅವೇ. ಬ್ರೇಕಿನಲ್ಲಿ ಇರುವುದು ಎಣ್ಣೆಯೇ ಅಲ್ಲ. ಬ್ರೇಕ್ ಫ್ಲೂಯಿಡ್ಡಿನ ದರ್ಜೆಗಳಾದ ಡಾಟ್ 3, ಡಾಟ್ 4, ಡಾಟ್ 5.1 ಎಲ್ಲವೂ ಗ್ಲೈಕಾಲ್ ಜಾತಿಯವು. ಅವಕ್ಕೆ ಹೊಂದುವ ರಬ್ಬರ್ ಇಪಿಡಿಎಂ. ನೈಟ್ರೈಲ್ ಪದರವನ್ನು ಬ್ರೇಕ್ ಫ್ಲೂಯಿಡ್ ಮೆತ್ತಗೆ ಮಾಡಿ ಒಳಗಿಂದ ತಿನ್ನುತ್ತದೆ. ಹೊರಗೆ ಹೋಸ್ ಹೊಸದರಂತೆ ಮಿಂಚುತ್ತಿರುತ್ತದೆ, ಒಳಗೆ ರಬ್ಬರ್ ಉಬ್ಬಿ, ಚೂರು ಚೂರಾಗಿ ಕ್ಯಾಲಿಪರ್ (ಪ್ಯಾಡುಗಳಿಂದ ಡಿಸ್ಕನ್ನು ಹಿಡಿಯುವ ಭಾಗ) ಕಡೆ ಹೋಗುತ್ತದೆ. ನಾನು ನೋಡಿದ ಎರಡು ಗಾಡಿಗಳಲ್ಲಿ ಒಂದರ ಫ್ಲೂಯಿಡ್ ಕಪ್ಪು ಮಸಿಯಂತೆ ಬಂದಿತ್ತು, ಇನ್ನೊಂದರಲ್ಲಿ ಲಿವರ್ ಬಿಟ್ಟರೂ ಬ್ರೇಕ್ ಬಿಡುತ್ತಿರಲಿಲ್ಲ. ಫ್ಲೂಯಿಡ್ ವಾಪಸ್ ಬರುವ ದಾರಿ ಕಟ್ಟಿಕೊಂಡಿತ್ತು.

ಇದರ ಉಲ್ಟಾ ತಪ್ಪು ಇನ್ನೂ ಅಪಾಯದ್ದು. ಫ್ಲೂಯಿಡ್ ಕಡಿಮೆಯಾಗಿದೆ ಅಂತ ಶಾಪಿನ ಹೈಡ್ರಾಲಿಕ್ ಆಯಿಲನ್ನೋ, ಇಂಜಿನ್ ಆಯಿಲನ್ನೋ ರಿಸರ್ವಾಯರಿಗೆ (ಬ್ರೇಕ್ ಫ್ಲೂಯಿಡ್ ತುಂಬುವ ಡಬ್ಬಿಗೆ) ಸುರಿಯುವವರಿದ್ದಾರೆ. ನಂಬದ ಗೆಳೆಯನಿಗೆ ತೋರಿಸೋಣ ಅಂತ ಹಳೆಯ ಮಾಸ್ಟರ್ ಸಿಲಿಂಡರ್ ಕಿಟ್ಟಿನ ಒಂದು ಸೀಲನ್ನು ನಮ್ಮ 68 ಗ್ರೇಡ್ ಹೈಡ್ರಾಲಿಕ್ ಎಣ್ಣೆಯ ಡಬ್ಬಿಯಲ್ಲಿ ಹಾಕಿಟ್ಟೆ. ಎರಡು ದಿನ ಬಿಟ್ಟು ತೆಗೆದರೆ ಅದು ಉಬ್ಬಿ ತನ್ನ ಬೋರಿನೊಳಗೇ ಕೂರಲಿಲ್ಲ. ಅವನು ಅದನ್ನು ಬೆರಳಲ್ಲಿ ಹಿಡಿದು ಹಿಸುಕಿ ನೋಡಿದ, ಮಾತಾಡಲಿಲ್ಲ. ಇದೇ ಸೀಲ್ ನಿಮ್ಮ ಬ್ರೇಕಿನಲ್ಲಿ ಉಬ್ಬಿದರೆ ಮುಂದಿನ ಚಕ್ರ ಓಡುತ್ತಿರುವಾಗಲೇ ಹಿಡಿದುಕೊಳ್ಳಬಹುದು.

"ಹಂಗಾರ ಟೆಫ್ಲಾನ್ ಹೋಸ್ ಹಾಕೋಣು" ಅಂದ. ಹೌದು, ಮಷೀನ್ ಹೋಸುಗಳಲ್ಲೂ ಆರ್14 ಅಂತ ಬರುತ್ತದೆ, ಒಳಗೆ ಪಿಟಿಎಫ್‌ಇ ಅಂದರೆ ಟೆಫ್ಲಾನ್, ಮೇಲೆ ಸ್ಟೇನ್‌ಲೆಸ್ ಸ್ಟೀಲ್ ಜಾಲರಿ. ಬೈಕಿನ ಬ್ರೇಡೆಡ್ ಲೈನಿನ ಕಟ್ಟಡವೂ ಅದೇ ಥರದ್ದು. ಆದರೆ ಪ್ರೆಸ್ಸಿನ ಹೋಸ್ ನಿಂತಲ್ಲೇ ನಿಂತಿರುತ್ತದೆ. ಬೈಕಿನದು ಪ್ರತಿ ಗುಂಡಿಗೂ ಫೋರ್ಕಿನ ಜೊತೆ ಮೇಲೆ ಕೆಳಗೆ ಕುಣಿಯುತ್ತದೆ, ಹ್ಯಾಂಡಲ್ ಜೊತೆ ತಿರುಗುತ್ತದೆ. ಅಮೆರಿಕದ ಎಫ್‌ಎಂವಿಎಸ್‌ಎಸ್ 106 ಅನ್ನುವ ನಿಯಮದಲ್ಲಿ ಬ್ರೇಕ್ ಹೋಸನ್ನು ಒತ್ತಡ ತುಂಬಿ 35 ಗಂಟೆ ಎಡೆಬಿಡದೆ ಕುಣಿಸುವ ಪರೀಕ್ಷೆ ಇದೆ. ಹೋಸ್ ಒಡೆಯುವುದು ನಡುವೆ ಅಲ್ಲ, ಫಿಟ್ಟಿಂಗ್ ಹತ್ತಿರ, ಕ್ರಿಂಪ್ ಮಾಡಿದ, ಅಂದರೆ ಹಿಸುಕಿ ಕೂಡಿಸಿದ ಕಡೆ. ನಮ್ಮ ಶಾಪಿನ ಡೈಗಳು ಹೋಸಿನ ತುದಿಯಲ್ಲಿ ಬೋಲ್ಟ್ ತೂರಲು ಇರುವ ಉಂಗುರದಂಥ ಆ ಸಣ್ಣ ಬ್ಯಾಂಜೋ ಫಿಟ್ಟಿಂಗಿಗೆ ಮಾಡಿದವಲ್ಲ. ಹಾಗಾಗಿ ಆ ನಿಯಮದ ಗುರುತು ಪ್ರಿಂಟ್ ಆಗಿರುವ, ನನ್ನ ಗಾಡಿಗೇ ಅಳತೆ ಮಾಡಿದ ಲೈನ್ ತರಿಸಿದೆ. ಒಂದೆರಡು ಸಾವಿರ ಉಳಿಸಲು ಹೋಗಿ ಈ ಒಂದು ಪೈಪಿನಲ್ಲಿ ಪ್ರಯೋಗ ಮಾಡಬೇಡಿ ಅಂತ ನಾನು ಕೈಮುಗಿದು ಹೇಳುತ್ತೇನೆ.

ನನಗೆ ಈ ವಿಷಯ ಇಷ್ಟು ಮನಸ್ಸಿಗೆ ಹತ್ತಿದ್ದು ಹೋದ ವರ್ಷ ಮಳೆಗಾಲ ಮುಗಿದ ಮೇಲೆ, ಚೋರ್ಲಾ ಘಾಟಿನಲ್ಲಿ. ಜಾಂಬೋಟಿ, ಕಣಕುಂಬಿ ದಾಟಿ ಗೋವಾ ಕಡೆ ಇಳಿಯುತ್ತಿದ್ದೆವು. ಹಿಂದೆ ಹೆಂಡತಿ, ಎರಡು ಬ್ಯಾಗು. ಮುಂದೆ ಒಂದು ಲಾರಿ, ಓವರ್‌ಟೇಕ್ ಮಾಡೋಕೆ ಜಾಗ ಇಲ್ಲ, ಅದರ ಬೆನ್ನಿಗೇ ಮುಂದಿನ ಬ್ರೇಕ್ ಹಿಡಿಯುತ್ತಾ ಬಿಡುತ್ತಾ ಸುಮಾರು ಹೊತ್ತು ಇಳಿದೆ. ಒಂದು ತಿರುವಿನಲ್ಲಿ ಲಿವರ್ ಎಳೆದರೆ ಅದು ಸ್ಪಂಜಿನ ಹಾಗೆ ಮೆತ್ತಗಾಗಿ ಪೂರ್ತಿ ಗ್ರಿಪ್ಪಿಗೆ ಬಂದು ತಾಗಿತು. ಬ್ರೇಕ್ ಇಲ್ಲ. ಎರಡನೇ ಗೇರಿಗೆ ಇಳಿಸಿ, ಹಿಂದಿನ ಬ್ರೇಕ್ ಒತ್ತಿ, ಎಡಗಡೆ ಮಣ್ಣಿನ ಮೇಲೆ ತಂದು ನಿಲ್ಲಿಸಿದೆ. ಹೆಂಡತಿ ಇಳಿದು ಏನೂ ಕೇಳದೆ ನೀರಿನ ಬಾಟಲಿ ತೆಗೆದು ಕೊಟ್ಟಳು. ಅವಳ ಕೈ ನಡುಗುತ್ತಿತ್ತು. ಅರ್ಧ ಗಂಟೆ ಬಿಟ್ಟು ಲಿವರ್ ಹಿಡಿದರೆ ಮತ್ತೆ ಗಟ್ಟಿ! ಏನೂ ಆಗೇ ಇಲ್ಲ ಅನ್ನುವ ಹಾಗೆ.

ಬಿಸಿಯಾದಾಗ ಹೋಗಿ ತಣ್ಣಗಾದ ಮೇಲೆ ಬಂದರೆ, ಅದು ಫ್ಲೂಯಿಡ್ ಕುದಿದ ಲಕ್ಷಣ. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಕುಡಿಯುತ್ತದೆ, ಮುಚ್ಚಳದ ಕಡೆಯಿಂದಲೂ, ರಬ್ಬರ್ ಹೋಸಿನ ಗೋಡೆಯ ಮೂಲಕವೂ, ದಿನಾ ಸ್ವಲ್ಪ ಸ್ವಲ್ಪ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅನ್ನುವುದು ನಿಯಮ. ಅದರಲ್ಲಿ ನೂರಕ್ಕೆ 3.7 ಪಾಲು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 205ರಿಂದ 140ಕ್ಕೆ. ಘಾಟ್ ಇಳಿಯುವಾಗ ಪ್ಯಾಡಿನ ಬಿಸಿ ಪಿಸ್ಟನ್ನಿಗೆ, ಪಿಸ್ಟನ್ನಿಂದ ಫ್ಲೂಯಿಡ್ಡಿಗೆ ಹತ್ತುತ್ತದೆ. ಕುದಿದರೆ ಆವಿಯ ಗುಳ್ಳೆ. ದ್ರವವನ್ನು ಒತ್ತಿ ಕುಗ್ಗಿಸೋಕೆ ಆಗಲ್ಲ, ಗುಳ್ಳೆಯನ್ನು ಕುಗ್ಗಿಸಬಹುದು. ನಿಮ್ಮ ಬೆರಳಿನ ಬಲವೆಲ್ಲ ಗುಳ್ಳೆ ಹಿಸುಕುವುದರಲ್ಲೇ ಮುಗಿದು ಪ್ಯಾಡಿನವರೆಗೆ ಹೋಗುವುದೇ ಇಲ್ಲ.

ಎರಡು ತಿಂಗಳ ಹಿಂದಷ್ಟೇ ಗಾಡಿ ಸರ್ವಿಸ್ ಆಗಿತ್ತು. ಬಿಲ್ಲಿನಲ್ಲಿ ಬ್ರೇಕ್ ಚೆಕ್ ಅಂತ ಬರೆದಿದ್ದರು. ಮೇಲಿಂದ ಸ್ವಲ್ಪ ಫ್ಲೂಯಿಡ್ ತುಂಬಿದ್ದರು ಅಷ್ಟೇ, ಹಳೆಯದು ಐದು ವರ್ಷದಿಂದ ಕೆಳಗೆ ಕ್ಯಾಲಿಪರಿನಲ್ಲಿ ಹಾಗೇ ಕೂತಿತ್ತು. ಟಾಪ್ ಅಪ್ ಮಾಡುವುದು ಬೇರೆ, ಬದಲಾಯಿಸುವುದು ಬೇರೆ. ಅಂದಿನಿಂದ ಬ್ರೇಕಿನ ಕೆಲಸ ನಾನೇ ಮಾಡುತ್ತೇನೆ.

ಗೋವಾದಿಂದ ಬಂದ ಮೇಲೆ ಮೊದಲು ಫ್ಲೂಯಿಡ್ ಮಾತ್ರ ಬದಲಾಯಿಸಿದೆ. ಅದರಿಂದಲೇ ಅರ್ಧಕ್ಕಿಂತ ಜಾಸ್ತಿ ಫರಕು ಬಿತ್ತು. ದುಡ್ಡು ಕಡಿಮೆ ಇದ್ದರೆ ಬ್ರೇಡೆಡ್ ಲೈನ್ ಪಕ್ಕಕ್ಕಿಡಿ, ಮೊದಲು ಫ್ಲೂಯಿಡ್ ಬದಲಾಯಿಸಿ. ಎರಡು ವರ್ಷಕ್ಕೊಮ್ಮೆ. ನಮ್ಮ ಬೆಳಗಾವಿಯ ಮಳೆ, ಖಾನಾಪುರ ಕಡೆಯ ಮಳೆ ನಿಮಗೆ ಗೊತ್ತೇ ಇದೆ, ತಿಂಗಳುಗಟ್ಟಲೆ ಗಾಳಿಯಲ್ಲೇ ನೀರು. ಅಂಥ ಕಡೆ ಗಾಡಿ ಓಡಿಸುವವರು ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ ಬದಲಾಯಿಸಿದರೂ ತಪ್ಪಿಲ್ಲ.

ಹೋಸಿನ ವಿಷಯಕ್ಕೆ ಬಂದರೆ, ನನ್ನ ಗಾಡಿ 2014ರದು, ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಕಟ್ಟಿಕೊಳ್ಳದಂತೆ ನೋಡಿಕೊಳ್ಳುವ ವ್ಯವಸ್ಥೆ) ಇಲ್ಲದ್ದು. ಹೋಸ್ ಕಂಪನಿಯಿಂದ ಬಂದದ್ದೇ ಇತ್ತು. ಯಮಹಾದ ಮ್ಯಾನ್ಯುಅಲ್ಲುಗಳಲ್ಲಿ ಬ್ರೇಕ್ ಹೋಸ್ ನಾಲ್ಕು ವರ್ಷಕ್ಕೊಮ್ಮೆ ಬದಲಾಯಿಸಿ ಅಂತ ಬರೆದಿರುತ್ತದೆ, ಅದನ್ನು ಓದಿ ಪಾಲಿಸುವವರನ್ನು ನಾನು ಇಲ್ಲಿ ನೋಡಿಲ್ಲ. ನೀವೇ ಒಂದು ಪರೀಕ್ಷೆ ಮಾಡಿ. ಒಂದು ಕೈಯಲ್ಲಿ ಹೋಸನ್ನು ಮೆಲ್ಲಗೆ ಸುತ್ತಿ ಹಿಡಿದುಕೊಳ್ಳಿ, ಇನ್ನೊಂದರಲ್ಲಿ ಲಿವರ್ ಜೋರಾಗಿ ಎಳೆಯಿರಿ. ಹಳೆಯ ರಬ್ಬರ್ ಅಂಗೈಯಲ್ಲಿ ಉಬ್ಬುವುದು ಗೊತ್ತಾಗುತ್ತದೆ. ಆಮೇಲೆ ಕ್ಯಾಲಿಪರ್ ಹತ್ತಿರ ಹೋಸನ್ನು ಸ್ವಲ್ಪ ಬಾಗಿಸಿ ಬೆಳಕಿಗೆ ಹಿಡಿದು ನೋಡಿ. ಕೂದಲೆಳೆಯಂಥ ಬಿರುಕು ಕಂಡರೆ ಬದಲಾಯಿಸುವ ಕಾಲ ಬಂದಿದೆ.

ಬ್ರೇಡೆಡ್ ಲೈನ್ ಹಾಕಿದರೆ ಗಾಡಿ ಅರ್ಧ ದೂರಕ್ಕೇ ನಿಲ್ಲುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕೊನೆಗೆ ನಿಲ್ಲಿಸುವುದು ಟೈರು ಮತ್ತು ರಸ್ತೆ. ಲೈನಿನಿಂದ ಸಿಗುವುದು ಬೆರಳಿಗೆ ಸಿಗುವ ಸುದ್ದಿ. ಎಷ್ಟು ಎಳೆದೆನೋ ಅಷ್ಟೇ ಕಚ್ಚುತ್ತದೆ, ಚಕ್ರ ಜಾರುವ ಹತ್ತಿರ ಬಂದರೆ ಮೊದಲೇ ತಿಳಿಯುತ್ತದೆ. ಒದ್ದೆ ರಸ್ತೆಯಲ್ಲಿ, ಎಬಿಎಸ್ ಇಲ್ಲದ ಗಾಡಿಯಲ್ಲಿ ಅದಕ್ಕೆ ಬೆಲೆ ಕಟ್ಟೋಕೆ ಆಗಲ್ಲ.

ಈಗ ಕೆಲಸ. ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಮಾಡಿದೆ, ಎರಡೂವರೆ ಗಂಟೆ ಹಿಡಿಯಿತು, ಅವಸರ ಮಾಡಲಿಲ್ಲ. ಮೊದಲು ಟ್ಯಾಂಕ್, ಮಡ್‌ಗಾರ್ಡ್ ಮೇಲೆ ಒದ್ದೆ ಬಟ್ಟೆ ಹೊದಿಸಿ. ಫ್ಲೂಯಿಡ್ ಒಂದು ಹನಿ ಬಿದ್ದರೂ ಪೇಂಟ್ ಕಿತ್ತುಬರುತ್ತದೆ. ಬಿದ್ದರೆ ಒರೆಸುತ್ತಾ ಕೂರಬೇಡಿ, ತಕ್ಷಣ ನೀರು ಸುರಿಯಿರಿ, ಅದು ನೀರಿನಲ್ಲಿ ಕರಗುತ್ತದೆ. ರಿಸರ್ವಾಯರ್ ಮುಚ್ಚಳದ ಎರಡು ಸ್ಕ್ರೂಗಳಿಗೆ ಸರಿಯಾದ ಸೈಜಿನ ಡ್ರೈವರ್ ಬೇಕು, ಅವುಗಳ ತಲೆ ಬೇಗ ಹೋಗುತ್ತದೆ. ಡ್ರೈವರ್ ಇಟ್ಟು ಹಿಂದಿನಿಂದ ಒಂದು ಸಣ್ಣ ಪೆಟ್ಟು ಕೊಟ್ಟರೆ ಸುಲಭವಾಗಿ ಬಿಡುತ್ತವೆ.

ಹಳೆಯ ಹೋಸ್ ತೆಗೆಯುವ ಮೊದಲು ಅದು ಯಾವ ದಾರಿಯಲ್ಲಿ ಹೋಗಿದೆ, ಎಲ್ಲಿ ಕ್ಲಿಪ್ ಇದೆ ಅಂತ ನಾಲ್ಕು ಫೋಟೋ ತೆಗೆದುಕೊಳ್ಳಿ. ಹೊಸದನ್ನು ಅದೇ ದಾರಿಯಲ್ಲಿ ಬಿಡಿ. ಮುಂದಿನ ಚಕ್ರ ಎತ್ತಿ ಫೋರ್ಕ್ ಪೂರ್ತಿ ಇಳಿಬಿಟ್ಟಾಗ, ಹ್ಯಾಂಡಲ್ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿದಾಗ ಲೈನ್ ಎಲ್ಲೂ ಬಿಗಿಯಬಾರದು. ಫೋರ್ಕ್ ಕುಗ್ಗಿದಾಗ ಟೈರಿಗೆ ತಾಗಬಾರದು. ಸ್ಟೀಲ್ ಜಾಲರಿ ಅರದ ಹಾಗೆ, ಮೇಲೆ ಪ್ಲಾಸ್ಟಿಕ್ ಹೊದಿಕೆ ಇಲ್ಲದಿದ್ದರೆ ತಾಗಿದ ಕಡೆ ಅಲ್ಯೂಮಿನಿಯಂ ಕೂಡ ಕೊರೆದುಬಿಡುತ್ತದೆ, ಹಾಗಾಗಿ ಹೊದಿಕೆ ಇರುವುದನ್ನೇ ತೆಗೆದುಕೊಳ್ಳಿ.

ಬ್ಯಾಂಜೋ ಬೋಲ್ಟಿಗೆ ಎರಡು ವಾಷರ್, ತಾಮ್ರದ್ದು ಅಥವಾ ಅಲ್ಯೂಮಿನಿಯಂದು, ಫಿಟ್ಟಿಂಗಿನ ಈಚೆ ಒಂದು ಆಚೆ ಒಂದು. ಹಳೆಯ ವಾಷರ್ ಮತ್ತೆ ಹಾಕಲೇಬೇಡಿ. ಒಮ್ಮೆ ಹಿಸುಕಿ ಕೂತ ವಾಷರ್ ಎರಡನೇ ಸಲ ಸರಿಯಾಗಿ ಕೂರುವುದಿಲ್ಲ. ಬೋಲ್ಟಿನ ಮರೆ (ಥ್ರೆಡ್) ಸಹ ನೋಡಿಕೊಳ್ಳಿ, 10 ಮಿಮೀ ಬೋಲ್ಟುಗಳೇ 1.0 ಪಿಚ್ಚಿನವೂ (ಪಿಚ್ ಅಂದರೆ ಮರೆಯಿಂದ ಮರೆಗೆ ಇರುವ ಅಂತರ) ಬರುತ್ತವೆ, 1.25 ಪಿಚ್ಚಿನವೂ ಬರುತ್ತವೆ. ಕೈಯಲ್ಲಿ ಸಲೀಸಾಗಿ ನಾಲ್ಕು ಸುತ್ತು ಹೋಗದಿದ್ದರೆ ಸ್ಪ್ಯಾನರ್ ಹಾಕಬೇಡಿ. ಬಿಗಿ ಮಾಡೋದು ಟಾರ್ಕ್ ರೆಂಚಿನಲ್ಲಿ, ನಿಮ್ಮ ಗಾಡಿಯ ಮ್ಯಾನ್ಯುಅಲ್‌ನಲ್ಲಿ ಕೊಟ್ಟಷ್ಟೇ. ಶಾಪಿನಲ್ಲಿ ದೊಡ್ಡ ಫಿಟ್ಟಿಂಗ್ ಬಿಗಿದು ರೂಢಿಯಾದ ಕೈ ಇಲ್ಲಿ ಬೋಲ್ಟನ್ನೇ ಮುರಿಯುತ್ತದೆ, ಒಳಗೆ ತೂತು ಇರುವ ಬೋಲ್ಟು ಅದು.

ಗಾಳಿ ತೆಗೆಯುವುದೇ ತಾಳ್ಮೆಯ ಕೆಲಸ. ಲೈನ್ ಪೂರ್ತಿ ಖಾಲಿ ಇರುವುದರಿಂದ ಮೇಲಿಂದ ಪಂಪ್ ಮಾಡಿದರೆ ಬಹಳ ಹೊತ್ತು ಬೇಕು. ನಾನು 60 ಮಿಲಿ ಸಿರಿಂಜಿಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಕ್ಯಾಲಿಪರಿನ ಬ್ಲೀಡ್ ನಿಪ್ಪಲ್ (ಗಾಳಿ ಹೊರಬಿಡುವ ಸಣ್ಣ ತಿರುಪು) ಕಡೆಯಿಂದ ಹೊಸ ಫ್ಲೂಯಿಡ್ ಮೆಲ್ಲಗೆ ಮೇಲಕ್ಕೆ ತಳ್ಳಿದೆ. ಗಾಳಿಗೆ ಮೇಲೆ ಹೋಗುವುದೇ ಇಷ್ಟ ಅಲ್ವಾ, ಅದರ ದಾರಿಯಲ್ಲೇ ಕಳಿಸಿದರೆ ಬೇಗ ಹೋಗುತ್ತದೆ. ಹೀಗೆ ಮಾಡುವಾಗ ರಿಸರ್ವಾಯರ್ ಉಕ್ಕದಂತೆ ಒಬ್ಬರು ಮೇಲೆ ನೋಡುತ್ತಿರಬೇಕು. ನನ್ನ ಮಗಳು ನಿಂತಿದ್ದಳು, "ಪಪ್ಪಾ ಗುಳ್ಳಿ ಬಂತು, ಇನ್ನೊಂದು ಬಂತು" ಅಂತ ಎಣಿಸುತ್ತಾ.

ಆಮೇಲೆ ಮಾಮೂಲಿ ವಿಧಾನ. ಲಿವರ್ ಎಳೆದು ಹಿಡಿ, ನಿಪ್ಪಲ್ ಕಾಲು ಸುತ್ತು ಸಡಿಲ ಮಾಡು, ಫ್ಲೂಯಿಡ್ ಹೊರಗೆ ಬರಲಿ, ನಿಪ್ಪಲ್ ಬಿಗಿ, ಆಮೇಲಷ್ಟೇ ಲಿವರ್ ಬಿಡು. ಈ ಕ್ರಮ ತಪ್ಪಿದರೆ ಗಾಳಿ ವಾಪಸ್ ಒಳಗೆ. ನಿಪ್ಪಲಿಗೆ 8 ಮಿಮೀ ರಿಂಗ್ ಸ್ಪ್ಯಾನರೇ ಹಾಕಿ, ಓಪನ್ ಸ್ಪ್ಯಾನರ್ ಅದರ ಮೂಲೆ ತಿಂದುಬಿಡುತ್ತದೆ. ರಿಸರ್ವಾಯರ್ ಯಾವತ್ತೂ ಖಾಲಿಯಾಗಲು ಬಿಡಬೇಡಿ. ಇಷ್ಟಾದರೂ ಲಿವರ್ ಸ್ವಲ್ಪ ಮೆತ್ತಗೆ ಅನಿಸಿದರೆ ಮಾಸ್ಟರ್ ಸಿಲಿಂಡರಿನ ಬ್ಯಾಂಜೋದಲ್ಲಿ ಒಂದು ಗುಳ್ಳೆ ಸಿಕ್ಕಿಕೊಂಡಿರುತ್ತದೆ, ಅದೇ ಎಲ್ಲಕ್ಕಿಂತ ಎತ್ತರದ ಜಾಗ. ಹ್ಯಾಂಡಲ್ ತಿರುಗಿಸಿ ಮಾಸ್ಟರ್ ಸಿಲಿಂಡರ್ ಎತ್ತರಕ್ಕೆ ಬರುವಂತೆ ಮಾಡಿ, ಲಿವರನ್ನು ಗ್ರಿಪ್ಪಿಗೆ ಕಟ್ಟಿ ರಾತ್ರಿ ಬಿಟ್ಟುಬಿಡಿ. ಬೆಳಿಗ್ಗೆ ಬಿಚ್ಚಿದಾಗ ನನ್ನದು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಲೈನಿನ ಎರಡೂ ತುದಿಗೆ ಟಿಶ್ಯೂ ಪೇಪರ್ ಒತ್ತಿ ನೋಡಿದೆ, ಒದ್ದೆಯಾಗಲಿಲ್ಲ. ಮೊದಲ ಓಡಾಟ ಮನೆ ಮುಂದಿನ ರಸ್ತೆಯಲ್ಲೇ, ನಡೆಯುವ ವೇಗದಲ್ಲಿ.

ನಿಮ್ಮದು ಎಬಿಎಸ್ ಗಾಡಿ ಆಗಿದ್ದರೆ ಮಾತು ಬೇರೆ. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಹೊಸ ಗಾಡಿಗಳೆಲ್ಲ ಎಬಿಎಸ್ ಜೊತೆಗೇ ಬರುತ್ತಿವೆ. ಅವುಗಳಲ್ಲಿ ಲೈನ್ ನೇರವಾಗಿ ಕ್ಯಾಲಿಪರಿಗೆ ಹೋಗದೆ ನಡುವೆ ಬ್ರೇಕಿನ ಒತ್ತಡವನ್ನು ಹೆಚ್ಚು ಕಡಿಮೆ ಮಾಡುವ ಮಾಡ್ಯುಲೇಟರ್ ಇರುತ್ತದೆ. ಮಾಮೂಲಿ ಫ್ಲೂಯಿಡ್ ಬದಲಾವಣೆ ಮನೆಯಲ್ಲಿ ಆಗುತ್ತದೆ. ಆದರೆ ಮಾಡ್ಯುಲೇಟರಿನ ಒಳಗೆ ಗಾಳಿ ಹೊಕ್ಕರೆ ಕೆಲವು ಗಾಡಿಗಳಲ್ಲಿ ಸ್ಕ್ಯಾನರ್ ಹಾಕಿ ಅದರ ಪಂಪ್ ಓಡಿಸದೆ ಗಾಳಿ ಬರುವುದಿಲ್ಲ. ಅವುಗಳ ಲೈನ್ ಬದಲಾವಣೆ ಗೊತ್ತಿರುವವರ ಕೈಗೇ ಕೊಡಿ.

ಉಳಿದ ಆರೈಕೆ ಹೆಚ್ಚೇನಿಲ್ಲ, ಬಿಡದೆ ಮಾಡಬೇಕು ಅಷ್ಟೇ. ನಮ್ಮ ಕಡೆ ಕೆಂಪು ಮಣ್ಣಿನ ರಾಡಿ ಕ್ಯಾಲಿಪರಿಗೆ ಮೆತ್ತಿ ಒಣಗಿ ಸಿಮೆಂಟಿನ ಹಾಗೆ ಕೂರುತ್ತದೆ. ಮಳೆಗಾಲದ ಮೊದಲು ಒಮ್ಮೆ, ಆಮೇಲೆ ಒಮ್ಮೆ ಪ್ಯಾಡ್ ತೆಗೆದು, ಪಿಸ್ಟನ್ ಸ್ವಲ್ಪ ಹೊರಗೆ ಬರುವಷ್ಟು ಮಾತ್ರ ಪಂಪ್ ಮಾಡಿ, ಸೋಪಿನ ನೀರು ಮತ್ತು ಹಳೆಯ ಟೂತ್‌ಬ್ರಶ್‌ನಿಂದ ಸುತ್ತಲೂ ಉಜ್ಜಿ, ಒಣಗಿಸಿ, ಆಮೇಲೆ ಒಳಗೆ ಒತ್ತಿ. ಕೊಳೆ ಸಮೇತ ಒಳಗೆ ಒತ್ತಿದರೆ ಸೀಲಿಗೆ ಗೀರು ಬೀಳುತ್ತದೆ. ಪೆಟ್ರೋಲ್, ಡೀಸೆಲ್ ಹತ್ತಿರ ತರಬೇಡಿ, ಮೇಲೆ ಹೇಳಿದ ಅದೇ ರಬ್ಬರ್ ಕಾರಣ. ಕ್ಯಾಲಿಪರ್ ಜಾರುವ ಸ್ಲೈಡರ್ ಪಿನ್ನಿಗೆ ಸಿಲಿಕೋನ್ ಗ್ರೀಸ್ ಹಚ್ಚಿ, ಮಾಮೂಲಿ ಚಾಸಿಸ್ ಗ್ರೀಸ್ ಬೇಡ. ಪಿನ್ ಹಿಡಿದುಕೊಂಡರೆ ಒಂದು ಪ್ಯಾಡ್ ಪೂರ್ತಿ ಸವೆದು ಇನ್ನೊಂದು ಹೊಸದರಂತೆ ಉಳಿಯುತ್ತದೆ, ಪ್ಯಾಡ್ ತೆಗೆದಾಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಪ್ಯಾಡ್ 1 ಮಿಮೀ ಆಗುವವರೆಗೆ ಕಾಯುವುದು ನನಗೆ ಇಷ್ಟವಿಲ್ಲ, 2 ಮಿಮೀ ಹತ್ತಿರ ಬಂದರೆ ಬದಲಾಯಿಸುತ್ತೇನೆ. ಡಿಸ್ಕಿನ ಕನಿಷ್ಠ ದಪ್ಪ ಅದರ ಮೇಲೇ ಕೆತ್ತಿರುತ್ತದೆ, ವರ್ನಿಯರ್‌ಗಿಂತ ಮೈಕ್ರೋಮೀಟರಿನಲ್ಲಿ ಅಳೆಯಿರಿ, ಅಂಚಿನಲ್ಲಿ ಸವೆಯದ ಏಣು ಇರುತ್ತದೆ, ವರ್ನಿಯರ್ ಅದರ ಮೇಲೆ ಕೂತು ದಪ್ಪ ಜಾಸ್ತಿ ತೋರಿಸುತ್ತದೆ.

ಫ್ಲೂಯಿಡ್ ಬಾಟಲಿ ಸಣ್ಣದೇ ಕೊಳ್ಳಿ. ಸೀಲ್ ಒಡೆದು ಕಪಾಟಿನಲ್ಲಿ ಆರು ತಿಂಗಳು ಇಟ್ಟದ್ದು ಆಗಲೇ ತೇವ ಕುಡಿದಿರುತ್ತದೆ. ಡಾಟ್ 5 ಅಂತ ಬರೆದದ್ದು ಸಿಲಿಕೋನ್, ಅದನ್ನು ಡಾಟ್ 4ರ ಜೊತೆ ಬೆರೆಸಲೇಬಾರದು. 5.1 ಬೇರೆ, 5 ಬೇರೆ.

ಡಿಸೆಂಬರಿನಲ್ಲಿ ಅದೇ ಚೋರ್ಲಾ ಮತ್ತೆ ಇಳಿದೆವು. ಈ ಸಲ ಗೇರಿನಲ್ಲೇ ಇಳಿಸಿ, ತಿರುವಿಗೆ ಮೊದಲು ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ಪೂರ್ತಿ ಬಿಡುತ್ತಾ ಹೋದೆ. ಕೆಳಗೆ ಬಂದು ನಿಂತಾಗಲೂ ಲಿವರ್ ಮೇಲೆ ಹೇಗಿತ್ತೋ ಹಾಗೇ ಇತ್ತು. ಗೆಳೆಯನೂ ಈಗ ತನ್ನ ಗಾಡಿಗೆ ಲೈನ್ ತರಿಸಿದ್ದಾನೆ. ವಾಷರ್ ನಾಲ್ಕು ಬಂದಿವೆ, ಮುಂದಿನ ಭಾನುವಾರ ಅವನ ಮನೆ ಅಂಗಳದಲ್ಲಿ ಬಿಚ್ಚುತ್ತೇವೆ. ಸಿರಿಂಜ್ ನಾನು ಒಯ್ಯಬೇಕು, ಗುಳ್ಳೆ ಎಣಿಸೋಕೆ ಮಗಳೂ ಬರ್ತೀನಿ ಅಂದಿದ್ದಾಳೆ.